‘ಅಧಿಸೂಚಿಸು’ ಅಂದರೆ ಏನು? ಆಲಮಟ್ಟಿಯ ಎರಡು ನೋಟಿಫಿಕೇಶನ್‌ಗಳು

ಬೀಳಗಿ, ಜಮಖಂಡಿ, ಬಾಗಲಕೋಟೆ ತಾಲ್ಲೂಕುಗಳ ಮುಳುಗಡೆ ಊರುಗಳಲ್ಲಿ ಕಾನೂನು ಓದದವರೂ ಕಲಂಗಳ ಲೆಕ್ಕದಲ್ಲಿ ಮಾತಾಡುತ್ತಾರೆ. ‘ನಮ್ಮ ಹೊಲಕ್ಕ ಫೋರ್ ವನ್ ಆಗೇತ್ರಿ, ಸಿಕ್ಸ್ ವನ್ ಇನ್ನೂ ಆಗಿಲ್ಲ’ ಎನ್ನುವ ಮಾತು ಅಲ್ಲಿ ಮಳೆ-ಬೆಳೆಯ ಸುದ್ದಿಯಷ್ಟೇ ಸಹಜ. ಅವು 1894ರ ಭೂಸ್ವಾಧೀನ ಕಾಯ್ದೆಯ 4(1) ಮತ್ತು 6(1)ನೇ ಕಲಂಗಳು. ಮೊದಲನೆಯದು ಪ್ರಾಥಮಿಕ ಅಧಿಸೂಚನೆ, ಎರಡನೆಯದು ಅಂತಿಮ ಘೋಷಣೆ. ಆ ಕಾಯ್ದೆ ರದ್ದಾಗಿ, 2014ರ ಜನವರಿ 1ರಿಂದ 2013ರ ಹೊಸ ಕಾಯ್ದೆ ಜಾರಿಯಲ್ಲಿದೆ. ಕಲಂ 4ರ ಜಾಗಕ್ಕೆ 11, 6ರ ಜಾಗಕ್ಕೆ 19 ಬಂದಿವೆ. ಆದರೂ ಒಂದು ತಲೆಮಾರು ತನ್ನ ಮನೆ, ಹೊಲ, ತೋಟವನ್ನು ಆ ಹಳೆಯ ಸಂಖ್ಯೆಗಳ ಅಡಿಯಲ್ಲೇ ಬಿಟ್ಟುಕೊಟ್ಟದ್ದರಿಂದ ಬಾಯಲ್ಲಿ ಅವೇ ಉಳಿದಿವೆ.

ಇದೇ ಜನ ಪತ್ರಿಕೆಯಲ್ಲಿ ‘ಆಲಮಟ್ಟಿ ಅಧಿಸೂಚನೆಗೆ ಒತ್ತಾಯ’ ಎಂಬ ಶೀರ್ಷಿಕೆ ಕಂಡಾಗ ಗೊಂದಲಕ್ಕೆ ಬೀಳುತ್ತಾರೆ. ನಮ್ಮೂರಿಗೆ ನೋಟಿಫಿಕೇಶನ್ ಆಗಿದೆಯಲ್ಲ, ಮತ್ತೆ ಯಾವುದಕ್ಕೆ ಒತ್ತಾಯ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಲಮಟ್ಟಿಯ ಹೆಸರಿನಲ್ಲಿ ಓಡಾಡುವ ಅಧಿಸೂಚನೆಗಳು ಎರಡು ಬಗೆಯವು. ಒಂದು ನೀರಿನದು, ದೆಹಲಿಯಿಂದ ಬರಬೇಕಾದದ್ದು. ಇನ್ನೊಂದು ನೆಲದ್ದು, ರಾಜ್ಯ ಸರ್ಕಾರ ಹೊರಡಿಸುವಂಥದ್ದು. ಎರಡನ್ನೂ ಬಿಡಿಸಿ ನೋಡುವ ಮುನ್ನ ‘ಅಧಿಸೂಚಿಸು’ ಎಂಬ ಕ್ರಿಯಾಪದ ಮಾಡುವ ಕೆಲಸವೇನು ಎಂಬುದು ಗೊತ್ತಿರಬೇಕು.

ಮಂತ್ರಿಗಳು ವೇದಿಕೆಯ ಮೇಲೆ ಘೋಷಿಸಬಹುದು, ಸಂಪುಟ ನಿರ್ಣಯಿಸಬಹುದು, ಇಲಾಖೆ ಸುತ್ತೋಲೆ ಕಳಿಸಬಹುದು, ಅಧಿಕಾರಿ ಆದೇಶಿಸಬಹುದು. ಅಧಿಸೂಚಿಸುವುದು ಇವೆಲ್ಲಕ್ಕಿಂತ ಬೇರೆ. ಯಾವುದೋ ಕಾಯ್ದೆಯ ಒಂದು ಕಲಂ ‘ಸರ್ಕಾರವು ರಾಜ್ಯಪತ್ರದಲ್ಲಿ ಅಧಿಸೂಚನೆಯ ಮೂಲಕ ಹೀಗೆ ಮಾಡಬಹುದು’ ಎಂದು ಹೇಳಿರುತ್ತದೆ. ಆ ಕಲಂ ಕೊಟ್ಟ ಅಧಿಕಾರವನ್ನು, ಅದು ಹೇಳಿದ ರೀತಿಯಲ್ಲೇ, ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ, ಅಚ್ಚು ಹಾಕಿಸಿ ಚಲಾಯಿಸುವುದೇ ಅಧಿಸೂಚಿಸುವುದು. ಇಲ್ಲಿ ಮೊದಲೇ ಮುಗಿದ ಕೆಲಸವೊಂದರ ಸುದ್ದಿಯನ್ನು ಗೆಜೆಟ್ ಮುಟ್ಟಿಸುವುದಿಲ್ಲ. ಗೆಜೆಟ್‌ನಲ್ಲಿ ಪ್ರಕಟವಾದಾಗಲೇ ಕೆಲಸ ಆಗುತ್ತದೆ. ಅದಕ್ಕೆ ಮುಂಚೆ ಇರುವುದು ಸರ್ಕಾರದ ಮನಸ್ಸು ಮಾತ್ರ.

ಈ ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಸುಪ್ರೀಂ ಕೋರ್ಟ್ 1951ರಲ್ಲೇ ಉತ್ತರ ಕೊಟ್ಟಿದೆ. ಹಳೆಯ ಜೈಪುರ ಸಂಸ್ಥಾನದಲ್ಲಿ ಅಫೀಮಿಗೆ ಸಂಬಂಧಿಸಿದ ಒಂದು ಕಾನೂನನ್ನು ಮಂತ್ರಿ ಪರಿಷತ್ತು ನಿರ್ಣಯದ ಮೂಲಕ ಅಂಗೀಕರಿಸಿತ್ತು, ಆದರೆ ಎಲ್ಲಿಯೂ ಪ್ರಕಟಿಸಿರಲಿಲ್ಲ. ಅದರ ಅಡಿಯಲ್ಲಿ ಶಿಕ್ಷೆಗೊಳಗಾದ ಹರ್ಲಾ ಎಂಬ ವ್ಯಕ್ತಿಯ ಪ್ರಕರಣದಲ್ಲಿ, ಜನರಿಗೆ ತಿಳಿಯುವ ದಾರಿಯೇ ಇಲ್ಲದ ಕಾನೂನನ್ನು ಜನರ ಮೇಲೆ ಹೇರುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ನಾಲ್ಕು ಗೋಡೆಯ ನಡುವೆ ಆದ ನಿರ್ಣಯ ಎಷ್ಟೇ ಒಳ್ಳೆಯದಿದ್ದರೂ ಪ್ರಕಟವಾಗದೆ ಕಾನೂನಾಗುವುದಿಲ್ಲ. ಗೆಜೆಟ್ ಅಂದರೆ ಸರ್ಕಾರಿ ಔಪಚಾರಿಕತೆ ಎಂದು ತಾತ್ಸಾರ ಮಾಡುವವರು ಈ ಪ್ರಕರಣವನ್ನು ನೆನಪಿಡಬೇಕು. ಅದು ಪ್ರಜೆಯ ರಕ್ಷಣೆಗೆ ಹುಟ್ಟಿದ ನಿಯಮ.

ಸಂಸತ್ತು ಒಪ್ಪಿ, ರಾಷ್ಟ್ರಪತಿ ಅಂಕಿತ ಹಾಕಿದರೂ ಅಧಿಸೂಚನೆಯಿಲ್ಲದೆ ನಿಂತೇಹೋದ ಕಾನೂನು ಕೂಡ ಇದೆ. 1978ರ 44ನೇ ಸಂವಿಧಾನ ತಿದ್ದುಪಡಿಯ 3ನೇ ಕಲಂ ಮುನ್ನೆಚ್ಚರಿಕೆ ಬಂಧನದ ನಿಯಮಗಳನ್ನು ಬಿಗಿ ಮಾಡುವಂಥದ್ದು. ಅದನ್ನು ಜಾರಿಗೆ ತರುವ ದಿನವನ್ನು ಕೇಂದ್ರ ಸರ್ಕಾರ ಅಧಿಸೂಚಿಸಬೇಕಿತ್ತು. ಇಂದಿಗೂ ಅಧಿಸೂಚಿಸಿಲ್ಲ.

ನಮ್ಮ ಕಡೆಯದೇ ಸುಲಭ ಉದಾಹರಣೆ ಬೇಕೆಂದರೆ ಊರ ಹೆಸರುಗಳಿವೆ. ಬೆಳಗಾವಿಯನ್ನು ಕನ್ನಡಿಗರು ಯಾವತ್ತೂ ಬೆಳಗಾವಿ ಎಂದೇ ಕರೆದರು. ಆದರೆ ಇಂಗ್ಲಿಷ್ ಕಾಗದಪತ್ರಗಳಲ್ಲಿ, ರೈಲ್ವೆ ಟಿಕೆಟಿನಲ್ಲಿ ‘ಬೆಲ್ಗಾಂ’ ಇತ್ತು. ವಿಜಯಪುರ ‘ಬಿಜಾಪುರ’ವಾಗಿತ್ತು. ಹೆಸರು ಬದಲಿಸುವ ಘೋಷಣೆ, ಚರ್ಚೆ, ಶಿಫಾರಸು ವರ್ಷಗಟ್ಟಲೆ ನಡೆದರೂ ಕಾಗದದಲ್ಲಿ ಹೆಸರು ಬದಲಾದದ್ದು ಕೇಂದ್ರದ ಒಪ್ಪಿಗೆ ಸಿಕ್ಕ ಮೇಲೆ ರಾಜ್ಯ ಅಧಿಸೂಚಿಸಿದಾಗ, 2014ರ ನವೆಂಬರ್ 1ರಂದು. ಹನ್ನೆರಡು ಊರುಗಳ ಹೆಸರು ಒಟ್ಟಿಗೇ ಬದಲಾದವು.

ವಿಜಯಪುರದಲ್ಲಿ ಈ ಕ್ರಿಯಾಪದದ ಬಿಸಿ ಮನೆ ಕಟ್ಟುವವರಿಗೆ ಇನ್ನೊಂದು ರೀತಿಯಲ್ಲಿ ತಟ್ಟುತ್ತದೆ. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ಗೆರೆ ಮೊದಲು ಬಂದದ್ದು 1992ರ ಜೂನ್ 16ರ ಕೇಂದ್ರ ಅಧಿಸೂಚನೆಯಿಂದ. 2010ರ ತಿದ್ದುಪಡಿಯಲ್ಲಿ ಅದೇ ಗೆರೆ ಕಾಯ್ದೆಯೊಳಗೇ ಸೇರಿತು. ಗೋಳಗುಮ್ಮಟದ ಸುತ್ತಮುತ್ತ ಮಹಡಿ ಏರಿಸಲು ಹೊರಟವರು ನಗರಪಾಲಿಕೆಯ ಪರವಾನಗಿಯೊಂದೇ ಸಾಲದು ಎಂದು ತಿಳಿದುಕೊಳ್ಳುವುದು ಇಲ್ಲಿಂದಲೇ.

ಈಗ ನೀರಿನ ಅಧಿಸೂಚನೆಗೆ ಬರೋಣ.

ಎರಡು ರಾಜ್ಯಗಳ ನಡುವೆ ನದಿ ನೀರಿನ ಜಗಳವಾದರೆ 1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆಯಡಿ ನ್ಯಾಯಮಂಡಳಿ ರಚನೆಯಾಗುತ್ತದೆ. ಮಂಡಳಿ ವರ್ಷಗಟ್ಟಲೆ ವಾದ ಕೇಳಿ ಐತೀರ್ಪು ಕೊಡುತ್ತದೆ. ಐತೀರ್ಪು ಬಂದ ದಿನವೇ ನೀರು ನಮ್ಮದಾಯಿತು ಎಂದು ಪಟಾಕಿ ಹಚ್ಚುವುದು ವಾಡಿಕೆ. ಆದರೆ ಕಾಯ್ದೆಯ 6ನೇ ಕಲಂ ಹೇಳುವುದು ಬೇರೆ. ಕೇಂದ್ರ ಸರ್ಕಾರ ಆ ಐತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಆಗ ಅದು ಅಂತಿಮ, ಎಲ್ಲ ರಾಜ್ಯಗಳನ್ನೂ ಕಟ್ಟಿಹಾಕುವಂಥದ್ದು. 2002ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ ಐತೀರ್ಪಿಗೆ ಸುಪ್ರೀಂ ಕೋರ್ಟಿನ ಆದೇಶ ಅಥವಾ ಡಿಕ್ರಿಯಷ್ಟೇ ಬಲ. ಪ್ರಕಟವಾಗದೆ ಆ ಬಲವಿಲ್ಲ. ಕಾವೇರಿ ವಿಷಯದಲ್ಲಿ ಇದನ್ನು ಇಡೀ ರಾಜ್ಯ ಕಂಡಿದೆ. ಅಂತಿಮ ಐತೀರ್ಪು 2007ರ ಫೆಬ್ರವರಿ 5ರಂದು ಬಂತು, ಗೆಜೆಟ್‌ಗೆ ಏರಿದ್ದು 2013ರ ಫೆಬ್ರವರಿ 19ರಂದು. ನಡುವಿನ ಆರು ವರ್ಷ ಅದೇ ಐತೀರ್ಪು ಇತ್ತು, ಅದರ ಅಕ್ಷರ ಬದಲಾಗಿರಲಿಲ್ಲ, ಆದರೆ ಅದಕ್ಕೆ ಡಿಕ್ರಿಯ ಬಲವಿರಲಿಲ್ಲ.

ಕೃಷ್ಣೆಯ ಕತೆಯೂ ಹೀಗೆಯೇ, ಇನ್ನೂ ಉದ್ದ. ಬಚಾವತ್ ಅವರ ಮೊದಲ ನ್ಯಾಯಮಂಡಳಿಯ ಐತೀರ್ಪು 1976ರ ಮೇ ತಿಂಗಳಲ್ಲಿ ಗೆಜೆಟ್‌ನಲ್ಲಿ ಪ್ರಕಟವಾಯಿತು. 2004ರಲ್ಲಿ ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯಲ್ಲಿ ಎರಡನೇ ಮಂಡಳಿ ಬಂತು. 2010ರ ಡಿಸೆಂಬರ್ 30ರಂದು ಅದು ಐತೀರ್ಪು ಕೊಟ್ಟಿತು, ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಭವಿಷ್ಯವೆಲ್ಲ ಈ ಐದು ಮೀಟರಿಗೂ ಕಡಿಮೆ ಅಂತರದಲ್ಲಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಕಾಲುವೆಗಳಿಗೆ ಸಿಗಬೇಕಾದ 130 ಟಿಎಂಸಿ ನೀರು ಅದರಲ್ಲಿದೆ, ಮುಳುಗುವ ಊರುಗಳೂ ಬಾಗಲಕೋಟೆ ನಗರದ ಇನ್ನೊಂದಿಷ್ಟು ಬಡಾವಣೆಗಳೂ ಅದರಲ್ಲೇ ಇವೆ.

ಐತೀರ್ಪು ಗೆಜೆಟ್‌ಗೆ ಹೋಗುವ ಮೊದಲೇ ಆಗಿನ ಆಂಧ್ರಪ್ರದೇಶ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಮುಂದಿನ ಆದೇಶದವರೆಗೆ ಐತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸಬಾರದು ಎಂದು ಕೋರ್ಟು 2011ರ ಸೆಪ್ಟೆಂಬರ್ 16ರಂದು ಹೇಳಿತು. ಮಂಡಳಿ ರಾಜ್ಯಗಳ ಸ್ಪಷ್ಟೀಕರಣದ ಅರ್ಜಿಗಳನ್ನು ಕೇಳಿ 2013ರ ನವೆಂಬರ್ 29ರಂದು ಮತ್ತೊಂದು ವರದಿ ಕೊಟ್ಟರೂ ತಡೆ ಹಾಗೆಯೇ ಉಳಿಯಿತು. 2014ರಲ್ಲಿ ತೆಲಂಗಾಣ ಹುಟ್ಟಿದ ಮೇಲೆ ಹೊಸ ರಾಜ್ಯದ ಪಾಲಿನ ಪ್ರಶ್ನೆಯೂ ಸೇರಿಕೊಂಡಿತು.

‘ಆಲಮಟ್ಟಿ ಅಧಿಸೂಚನೆಗೆ ಒತ್ತಾಯ’ ಎಂದಾಗ ಕೇಳುತ್ತಿರುವುದು ಈ ಗೆಜೆಟ್ ಪ್ರಕಟಣೆಯನ್ನು. ಅದನ್ನು ಮಾಡಬೇಕಾದದ್ದು ಕೇಂದ್ರ ಸರ್ಕಾರ, ತಡೆದಿರುವುದು ಸುಪ್ರೀಂ ಕೋರ್ಟಿನ ಆದೇಶ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂತು ಈ ಅಧಿಸೂಚನೆ ಕೇಳುವ ಹೋರಾಟಗಾರರ ನೋವು ನನಗೆ ಅರ್ಥವಾಗುತ್ತದೆ, ಅವರ ದನಿ ಮೇಲಕ್ಕೆ ಮುಟ್ಟಲೂಬೇಕು; ಆದರೆ ಜಿಲ್ಲಾಧಿಕಾರಿಯ ಕೈಯಲ್ಲಿ ಈ ಕಾಗದವಿಲ್ಲ ಎಂಬುದನ್ನು ಯಾರಾದರೂ ಅವರಿಗೆ ನೇರವಾಗಿ ಹೇಳಬೇಕು.

ಗೆಜೆಟ್‌ನಲ್ಲಿ ಬಂದರೆ ಸಾಕೇ? ಸಾಲದು ಎಂಬುದಕ್ಕೆ ಕಳಸಾ ಕಾಲುವೆಯ ಊರಾದ ಖಾನಾಪುರ ತಾಲ್ಲೂಕಿನ ಕಣಕುಂಬಿಯೇ ಸಾಕ್ಷಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.9 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಬಹುದು. 2020ರ ಫೆಬ್ರವರಿ 20ರಂದು ಸುಪ್ರೀಂ ಕೋರ್ಟ್ ಅಧಿಸೂಚನೆಗೆ ಅನುಮತಿ ಕೊಟ್ಟಿತು, ಒಂದೇ ವಾರದಲ್ಲಿ, ಫೆಬ್ರವರಿ 27ರಂದು, ಕೇಂದ್ರ ಅಧಿಸೂಚಿಸಿತು. ಮಲಪ್ರಭಾ ಭಾಗದಲ್ಲಿ ಅಂದು ಹಬ್ಬವೇ ಆಯಿತು. ಆಮೇಲೆ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಗಲು 2022ರ ಡಿಸೆಂಬರ್ ಬೇಕಾಯಿತು. ಅರಣ್ಯ, ವನ್ಯಜೀವಿ ಅನುಮತಿಗಳ ಹಾದಿ ಬೇರೆಯೇ ಕಾಯ್ದೆಗಳದು, ಗೋವಾದ ತಕರಾರೂ ಅಲ್ಲೇ ಬಂತು. ಅಧಿಸೂಚನೆ ಹಕ್ಕನ್ನು ಗಟ್ಟಿ ಮಾಡಿತು, ನೀರನ್ನು ಹರಿಸಲಿಲ್ಲ. ಆಲಮಟ್ಟಿಯ ಐತೀರ್ಪು ನಾಳೆಯೇ ಗೆಜೆಟ್‌ಗೆ ಏರಿದರೂ ಭೂಸ್ವಾಧೀನ, ಪುನರ್ವಸತಿ, ಹಣ ಎಲ್ಲವೂ ಬಾಕಿ ಇರುತ್ತವೆ.

ಇನ್ನು ನೆಲದ ಅಧಿಸೂಚನೆ. ಇದು ರೈತನ ಸರ್ವೆ ನಂಬರಿಗೇ ನೇರವಾಗಿ ಬರುತ್ತದೆ, ಹಾಗಾಗಿ ಇಲ್ಲಿ ಒಂದೊಂದು ದಿನಕ್ಕೂ ಬೆಲೆಯಿದೆ.

2013ರ ಕಾಯ್ದೆಯ 11ನೇ ಕಲಮಿನ ಪ್ರಾಥಮಿಕ ಅಧಿಸೂಚನೆ ಹೊರಟ ದಿನ ಹಲವು ಗಡಿಯಾರಗಳು ಒಟ್ಟಿಗೇ ಓಡಲು ಶುರುವಾಗುತ್ತವೆ. ಎಲ್ಲಕ್ಕಿಂತ ದೊಡ್ಡದು ಬೆಲೆಯ ಗಡಿಯಾರ. ನಿಮ್ಮ ಹೊಲದ ಮಾರುಕಟ್ಟೆ ದರವನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು? ಸಂಪುಟ ಘೋಷಿಸಿದ ದಿನಕ್ಕಲ್ಲ, ಚೆಕ್ಕು ಕೊಟ್ಟ ದಿನಕ್ಕೂ ಅಲ್ಲ. 26ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ. ಲೆಕ್ಕದ ಒಂದು ದಾರಿ ಹೀಗಿದೆ: ಆ ದಿನದಿಂದ ಹಿಂದಿನ ಮೂರು ವರ್ಷಗಳಲ್ಲಿ ಅದೇ ಊರಲ್ಲಿ ಅಥವಾ ಹತ್ತಿರದಲ್ಲಿ ಅಂಥದೇ ಜಮೀನಿಗೆ ನೋಂದಣಿಯಾದ ಖರೇದಿ ಪತ್ರಗಳನ್ನು ತೆಗೆದು, ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ತೆಗೆಯುವುದು. ಊರಲ್ಲಿ ಜಮೀನಿನ ದರ ಏರಿದ್ದು ಅಧಿಸೂಚನೆಯ ನಂತರವಾದರೆ ಆ ಏರಿಕೆ ಲೆಕ್ಕಕ್ಕೆ ಬರುವುದಿಲ್ಲ. ಸ್ಟಾಂಪ್ ಶುಲ್ಕ ಉಳಿಸಲು ಕಡಿಮೆ ಬೆಲೆ ಕಾಣಿಸಿ ಖರೇದಿ ಬರೆಸುವ ರೂಢಿ ಇಡೀ ಊರಿನ ಪರಿಹಾರವನ್ನು ತಗ್ಗಿಸುವುದು ಈ ಮೂರು ವರ್ಷಗಳ ಲೆಕ್ಕದಿಂದಲೇ. ಇದನ್ನು ಊರೂರಿನ ಚಾವಡಿಯಲ್ಲಿ ಹೇಳಬೇಕಾಗಿದೆ.

ಎರಡನೆಯದು ವ್ಯವಹಾರದ ಗಡಿಯಾರ. ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ದಿನದಿಂದ ಸ್ವಾಧೀನ ಪ್ರಕ್ರಿಯೆ ಮುಗಿಯುವವರೆಗೆ ಆ ಜಮೀನನ್ನು ಮಾರುವಂತಿಲ್ಲ, ಹೊಸದಾಗಿ ಬೋಜಾ (ಸಾಲದಂಥ ಋಣಭಾರ) ಏರಿಸುವಂತಿಲ್ಲ. ವಿಶೇಷ ಕಾರಣವಿದ್ದರೆ ಅರ್ಜಿ ಹಾಕಿಕೊಂಡು ವಿನಾಯಿತಿ ಕೇಳಬಹುದು, ಅಷ್ಟೇ. ಮಗಳ ಮದುವೆಗೆಂದು ಎರಡು ಎಕರೆ ಮಾರಲು ಹೊರಟವರು ಸಬ್‌ ರಜಿಸ್ಟ್ರಾರ್ ಕಚೇರಿಗೆ ಹೋದ ಮೇಲೆ ಇದನ್ನು ತಿಳಿಯುವಂತಾಗಬಾರದು.

ದಾಖಲೆಗಳ ಮಾತೂ ಇಲ್ಲೇ ಬರುತ್ತದೆ. ಪ್ರಾಥಮಿಕ ಅಧಿಸೂಚನೆಯ ನಂತರ ಎರಡು ತಿಂಗಳೊಳಗೆ ಭೂದಾಖಲೆಗಳನ್ನು ಸರಿಪಡಿಸಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮ ಭಾಗದಲ್ಲಿ ಅಜ್ಜನ ಹೆಸರಲ್ಲೇ ಉತಾರ (ಪಹಣಿ) ಉಳಿದಿರುವ ಜಮೀನುಗಳು ಲೆಕ್ಕವಿಲ್ಲದಷ್ಟು. ವಾಟ್ನಿ (ಆಸ್ತಿ ಪಾಲು) ಬಾಯಿಮಾತಿನಲ್ಲಿ ಆಗಿರುತ್ತದೆ, ವಾರಸಾ ಮಾಡಿಸಿರುವುದಿಲ್ಲ, ಅಕ್ಕತಂಗಿಯರ ಹೆಸರು ಹಚ್ಚಿರುವುದಿಲ್ಲ. ಅಧಿಸೂಚನೆಯ ಪಟ್ಟಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಅಚ್ಚಾದರೆ ಪರಿಹಾರ ಹಂಚಿಕೆಯ ತಕರಾರು ಕೋರ್ಟಿಗೆ ಹೋಗುತ್ತದೆ, ಹಣ ಅಲ್ಲಿ ಠೇವಣಿಯಾಗಿ ಕೂರುತ್ತದೆ. ಬಾವಿ, ಕೊಳವೆಬಾವಿ, ಪೈಪ್‌ಲೈನ್, ದಾಳಿಂಬೆ ಗಿಡ, ಕಬ್ಬಿನ ಬೆಳೆ, ಖುಷ್ಕಿಯೋ ನೀರಾವರಿಯೋ ಎಂಬುದು ಎಲ್ಲವೂ ಈ ಹೊತ್ತಿನಲ್ಲೇ ಪಹಣಿಗೆ ಬರಬೇಕು. 2025ರ ಸೆಪ್ಟೆಂಬರಿನಲ್ಲಿ ಸಂಪುಟ ಮೂರನೇ ಹಂತದ ಮುಳುಗಡೆ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಖುಷ್ಕಿಯಾದರೆ 30 ಲಕ್ಷ ರೂಪಾಯಿ ಎಂದು ನಿರ್ಧರಿಸಿತು. ಪಹಣಿಯ ಒಂದೇ ಕಾಲಮ್ಮಿಗೆ ಎಕರೆಗೆ 10 ಲಕ್ಷದ ವ್ಯತ್ಯಾಸ.

ಆ ಸಂಪುಟ ನಿರ್ಣಯವನ್ನೂ ಅದರ ಜಾಗದಲ್ಲಿಟ್ಟು ನೋಡಬೇಕು. ಸರ್ಕಾರ ಕೊಡಲು ಸಿದ್ಧವಿರುವ ದರವನ್ನು ಅದು ಹೇಳುತ್ತದೆ. ಯಾವ ಊರಿನ ಯಾವ ಸರ್ವೆ ನಂಬರಿನ ಎಷ್ಟು ಗುಂಟೆ ಎಂಬುದನ್ನು ಹೇಳುವುದು ಅಧಿಸೂಚನೆ. ಹಣ ಕೈಗೆ ಬರುವುದು ಐತೀರ್ಪಿನ ಮೇಲೆ; ಇದು ನ್ಯಾಯಮಂಡಳಿಯದಲ್ಲ, ಭೂಸ್ವಾಧೀನದ ಪರಿಹಾರ ನಿಗದಿ ಮಾಡುವ ಐತೀರ್ಪು. ಮೂರನ್ನೂ ಒಂದೇ ಎಂದು ತಿಳಿದು, ಪೇಪರಿನಲ್ಲಿ ದರ ಬಂದ ಕೂಡಲೇ ಸಾಲ ಮಾಡಿ ಬೇರೆ ಕಡೆ ಹೊಲಕ್ಕೆ ಸಂಚಕಾರ ಕೊಡುವುದು ಅಪಾಯ.

ಇನ್ನೂ ಒಂದು ಗಡಿಯಾರವಿದೆ, ಅದು ಸರ್ಕಾರದ ತಲೆಯ ಮೇಲೆ ತೂಗುವಂಥದ್ದು. ಪ್ರಾಥಮಿಕ ಅಧಿಸೂಚನೆಯಿಂದ 12 ತಿಂಗಳೊಳಗೆ 19ನೇ ಕಲಮಿನ ಘೋಷಣೆ ಬರದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ. ಘೋಷಣೆಯಿಂದ 12 ತಿಂಗಳೊಳಗೆ ಐತೀರ್ಪು ಆಗದಿದ್ದರೆ ಇಡೀ ಪ್ರಕ್ರಿಯೆಯೇ ಬಿದ್ದುಹೋಗುತ್ತದೆ. ಕೋರ್ಟಿನ ತಡೆ ಇದ್ದ ಕಾಲವನ್ನು ಮೊದಲ ಲೆಕ್ಕದಿಂದ ಬಿಡುತ್ತಾರೆ, ಕಾರಣ ಬರೆದು ಅವಧಿ ವಿಸ್ತರಿಸುವ ಅಧಿಕಾರವೂ ಸರ್ಕಾರಕ್ಕಿದೆ. ಹಾಗೆಯೇ ಪುನರ್ವಸತಿ ಯೋಜನೆಯ ಸಾರಾಂಶವಿಲ್ಲದೆ 19ನೇ ಕಲಮಿನ ಘೋಷಣೆ ಮಾಡುವಂತಿಲ್ಲ. ‘ಹೊಲಕ್ಕ ಆತು, ಊರಿಗೆ ಯಾವಾಗ?’ ಎಂದು ಕೇಳುವವರು ಆ ಸಾರಾಂಶವನ್ನು ಹುಡುಕಿ ಓದಬೇಕು.

ಅಧಿಸೂಚನೆಯನ್ನು ಓದುವುದು ಹೇಗೆ? ಭಾಷೆ ಬಿಗಿಯಾಗಿದೆ, ಆದರೆ ಅಚ್ಚು ಯಾವಾಗಲೂ ಹೆಚ್ಚುಕಡಿಮೆ ಒಂದೇ. ‘ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ’ ಎಂಬ ಸಾಲಿನ ಹಿಂದೆ ಕಾಯ್ದೆಯ ಹೆಸರು, ಕಲಂ ಇರುತ್ತವೆ. ಮೊದಲು ನೋಡಬೇಕಾದದ್ದು ಅದನ್ನೇ, 11 ಎಂದಿದೆಯೋ 19 ಎಂದಿದೆಯೋ ಎಂದು. ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಒಕ್ಕಣೆ ಕೊನೆಗೆ ಬಂದರೆ ಅದು ಸಂವಿಧಾನದ 166ನೇ ವಿಧಿಯ ನಮೂನೆ, ಸರ್ಕಾರದ ಕೆಲಸ ಎಂಬುದರ ಗುರುತು. ನಡುವಿನ ಅನುಸೂಚಿಯೇ ಜೀವಾಳ. ಊರು, ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ಖಾತೆದಾರರ ಹೆಸರು, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಹಿಸ್ಸಾ ನಂಬರು ಒಂದಂಕಿ ತಪ್ಪಿದರೂ ಪಕ್ಕದವರ ಹೊಲ ನಿಮ್ಮ ಹೆಸರಿಗೆ, ನಿಮ್ಮದು ಇನ್ನೊಬ್ಬರ ಹೆಸರಿಗೆ ಬೀಳುತ್ತದೆ.

ಕನ್ನಡದಲ್ಲಿ ಈ ಕ್ರಿಯಾಪದವನ್ನು ನಾವು ಬಳಸುವ ರೀತಿಯೂ ಗೊಂದಲಕ್ಕೆ ಅರ್ಧ ಕಾರಣ. ‘ಅಧಿಸೂಚಿಸಲಾಗಿದೆ’ ಎಂದು ಬರೆದು ಮುಗಿಸುತ್ತೇವೆ. ಯಾರು ಅಧಿಸೂಚಿಸಿದರು, ಕೇಂದ್ರವೋ ರಾಜ್ಯವೋ? ಏನನ್ನು, ಕರಡನ್ನೋ ಅಂತಿಮವನ್ನೋ? ಯಾವ ದಿನ? ಕರಡು ಅಧಿಸೂಚನೆ ಆಕ್ಷೇಪಣೆ ಕರೆಯುವ ಕಾಗದ ಮಾತ್ರ, ಅದರಿಂದ ಇನ್ನೂ ಏನೂ ಆಗಿರುವುದಿಲ್ಲ. ಚಿಕ್ಕೋಡಿ ಜಿಲ್ಲೆಯ ಬೇಡಿಕೆಯ ಸುದ್ದಿಯನ್ನೇ ನೋಡಿ: ‘ಭರವಸೆ’, ‘ಘೋಷಣೆ’, ‘ತೀರ್ಮಾನ’ ಎಂಬ ಪದಗಳು ದಶಕಗಳಿಂದ ಅಚ್ಚಾಗುತ್ತಲೇ ಇವೆ. ‘ಕೇಂದ್ರ ಸರ್ಕಾರ ಇಂಥ ದಿನ, ಇಂಥ ಕಾಯ್ದೆಯ ಇಂಥ ಕಲಮಿನಡಿ ಅಧಿಸೂಚಿಸಿತು’ ಎಂದು ಕರ್ತೃ, ಕರ್ಮ, ತಾರೀಖು ಮೂರನ್ನೂ ಹಾಕಿ ಬರೆಯುವುದು ವರದಿಗಾರರಿಗೆ ಒಂದು ಸಾಲು ಹೆಚ್ಚಿನ ಕೆಲಸ. ಓದುವವರ ಪಾಲಿಗೆ ಆ ಸಾಲಿನಲ್ಲೇ ಬದುಕಿದೆ.

ಪ್ರಾಥಮಿಕ ಅಧಿಸೂಚನೆಯನ್ನು ಗೆಜೆಟ್‌ನಲ್ಲಷ್ಟೇ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಆ ಭಾಗದಲ್ಲಿ ಓಡಾಡುವ ಎರಡು ದಿನಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದಾದರೂ ಪ್ರಾದೇಶಿಕ ಭಾಷೆಯದು, ಬರಬೇಕು. ಗ್ರಾಮ ಪಂಚಾಯಿತಿಯಲ್ಲಿ, ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಕಚೇರಿಗಳಲ್ಲಿ ಸ್ಥಳೀಯ ಭಾಷೆಯಲ್ಲಿ ಹಚ್ಚಬೇಕು, ಜಾಲತಾಣದಲ್ಲೂ ಹಾಕಬೇಕು. ಪ್ರಕಟವಾದ ದಿನದಿಂದ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಜಮೀನು ಈ ಕೆಲಸಕ್ಕೆ ತಕ್ಕದ್ದೇ, ಇಷ್ಟು ವಿಸ್ತೀರ್ಣ ಬೇಕೇ, ಸಾಮಾಜಿಕ ಪರಿಣಾಮದ ವರದಿ ಸರಿಯಿದೆಯೇ ಎಂಬುದೆಲ್ಲ ಅದರಲ್ಲಿ ಬರಬಹುದು. ಬಾಯಿಮಾತಿನ ತಕರಾರು ಲೆಕ್ಕಕ್ಕಿಲ್ಲ. ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಕಚೇರಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. ಆಮೇಲೆ ನಿಮ್ಮನ್ನು ಅಥವಾ ನಿಮ್ಮ ವಕೀಲರನ್ನು ಕರೆದು ಕೇಳಿದ ನಂತರವೇ ಜಿಲ್ಲಾಧಿಕಾರಿ ಸರ್ಕಾರಕ್ಕೆ ವರದಿ ಕಳಿಸಬೇಕು.